ಮೊಬೈಲ್ ನೆಟ್‌ವರ್ಕ್ ಲೋಡ್ ಟೆಸ್ಟ್ ಕೈಕೊಟ್ಟಾಗ: ತಪ್ಪು ನೆಟ್‌ವರ್ಕಿನದಾ, ಟೆಸ್ಟರಿನದಾ?

ಸಾವಿರಾರು ಫೋನುಗಳು ಒಟ್ಟಿಗೆ ಮುಗಿಬಿದ್ದರೆ ನೆಟ್‌ವರ್ಕ್ ತಡೆದುಕೊಳ್ಳುತ್ತದಾ ಅಂತ ನೋಡಲು ಯಾರೂ ಸಾವಿರಾರು ಫೋನು ತಂದಿಡುವುದಿಲ್ಲ. ಒಂದೆರಡು ಸರ್ವರ್‌ಗಳಲ್ಲಿ ನಕಲಿ ಫೋನುಗಳನ್ನು ಓಡಿಸುತ್ತೇವೆ. ಅವು ನಿಜವಾದ ಫೋನಿನ ಹಾಗೇ ನೋಂದಾಯಿಸಿಕೊಳ್ಳುತ್ತವೆ, ಕರೆ ಮಾಡುತ್ತವೆ, ಡೇಟಾ ಎಳೆಯುತ್ತವೆ. ಟೆಸ್ಟ್ ಫೇಲ್ ಆದ ಕೂಡಲೇ ಎಲ್ಲರೂ ನೆಟ್‌ವರ್ಕನ್ನೇ ದೂರುತ್ತಾರೆ. ಆದರೆ ಮೊದಲು ನೋಡಬೇಕಾದ್ದು ಲೋಡ್ ಹುಟ್ಟಿಸುವ ಯಂತ್ರವನ್ನು. ಸಾಮಾನು ತೂಗುವ ಮುಂಚೆ ಖಾಲಿ ತಕ್ಕಡಿ ಸಮ ನಿಂತಿದೆಯಾ ಅಂತ ನೋಡುತ್ತೇವಲ್ಲ, ಹಾಗೆ.

ಕಣ್ಣಿಗೆ ಬೀಳುವ ಲಕ್ಷಣಗಳನ್ನು ಹಿಡಿದೇ ಬರೆದಿದ್ದೇನೆ. ಪ್ರತಿಯೊಂದರಲ್ಲೂ ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಕಾಣುತ್ತಿರುವ ಲಕ್ಷಣಕ್ಕೆ ನೇರ ಹೋಗಬಹುದು. ಆದರೆ ಮೊದಲ ಎರಡು ಭಾಗ ಮಾತ್ರ ಬಿಡಬೇಡಿ.

ಸ್ವಿಚ್ ಹಾಕುವ ಮುಂಚೆ

ಜನ ಬಳಸುತ್ತಿರುವ ನೆಟ್‌ವರ್ಕಿನ ಮೇಲೆ ಲೋಡ್ ಟೆಸ್ಟ್ ಮಾಡಬೇಡಿ. ಅದರ ಮಾಲೀಕರೇ ಬರಹದಲ್ಲಿ ಒಪ್ಪಿ, ಸಮಯ ಗೊತ್ತು ಮಾಡಿ, ನಿಲ್ಲಿಸುವ ಅಧಿಕಾರ ಯಾರಿಗೆ ಅಂತ ಹೇಳಿದ್ದರೆ ಮಾತ್ರ ಬೇರೆ ಮಾತು. ನಿಮ್ಮ ಟೆಸ್ಟಿನಿಂದ ಯಾರದೋ ಆಂಬುಲೆನ್ಸ್ ಕರೆ ಹೋಗದಿದ್ದರೆ ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ. ಲೈಸೆನ್ಸ್ ಇಲ್ಲದೆ ಗಾಳಿಯಲ್ಲಿ ಸಿಗ್ನಲ್ ಬಿಡುವುದೂ ಕಾನೂನಿಗೆ ವಿರುದ್ಧ. ಕೇಬಲ್ ಮೂಲಕ ಜೋಡಿಸಿ, ಇಲ್ಲವೇ ಸಿಗ್ನಲ್ ಹೊರಗೆ ಹೋಗದಂತೆ ತಡೆಯುವ ಶೀಲ್ಡ್ ಬಾಕ್ಸ್ ಒಳಗೆ ಇಡಿ. ನೆಟ್‌ವರ್ಕ್ ಗುರುತಾಗಿ ಪರೀಕ್ಷೆಗಂತಲೇ ಮೀಸಲಾದ 001-01 ಬಳಸಿ.

ಕೇಬಲ್ ಜೋಡಿಸುವಾಗ ಲೆಕ್ಕ ಹಾಕಿ. ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ, ಅದರ ಏರಿಳಿತವನ್ನು ಡಿಬಿಯಲ್ಲಿ ಅಳೆಯುತ್ತಾರೆ. 40 ವ್ಯಾಟ್‌ನ ರೇಡಿಯೋ (ಬೇಸ್ ಸ್ಟೇಷನ್‌ನ, ಅಂದರೆ ಟವರಿನ, ಸಿಗ್ನಲ್ ಬಿಡುವ ಭಾಗ) ಅಂದರೆ 46 ಡಿಬಿಎಂ. ಎಲ್‌ಟಿಇ (4ಜಿ) ಫೋನ್ ತಡೆದುಕೊಂಡು ಸರಿಯಾಗಿ ಕೆಲಸ ಮಾಡಬೇಕಾದ ಗರಿಷ್ಠ ಸಿಗ್ನಲ್ ಮಟ್ಟ ಮಾನದಂಡದ ಪ್ರಕಾರ ಮೈನಸ್ 25 ಡಿಬಿಎಂ. ಅಂದರೆ ಮಧ್ಯೆ 71 ಡಿಬಿ ಇಳಿಸಿದರೂ ನೀವು ಇನ್ನೂ ಅಂಚಿನಲ್ಲೇ ಇದ್ದೀರಿ. ಒಂದು 30 ಡಿಬಿ ಅಟೆನ್ಯುಯೇಟರ್ (ಸಿಗ್ನಲ್ ಇಳಿಸುವ ಬಿಡಿಭಾಗ) ಸಿಕ್ಕಿಸಿ ಫೋನನ್ನೋ ಸಿಗ್ನಲ್ ಅಳೆಯುವ ಅನಲೈಸರನ್ನೋ ಜೋಡಿಸಿದರೆ ಅದರ ಮುಂಭಾಗ ಸುಟ್ಟು ಹೋಗಬಹುದು. ರೇಡಿಯೋಗೆ ಹತ್ತಿರದ ಮೊದಲ ಅಟೆನ್ಯುಯೇಟರ್ ಆ 40 ವ್ಯಾಟ್ ಶಾಖವನ್ನು ತಡೆಯುವಂಥದ್ದಾಗಿರಬೇಕು. ಡಿಬಿ ಮಾತ್ರ ನೋಡಿ ಸಣ್ಣದನ್ನು ಹಾಕಬೇಡಿ. ರೇಡಿಯೋ ಆನ್ ಇರುವಾಗ ಕನೆಕ್ಟರ್ ಬಿಚ್ಚಬೇಡಿ, ಬಳಸದ ಪೋರ್ಟಿಗೆ 50 ಓಮ್ ಟರ್ಮಿನೇಟರ್ (ಸಿಗ್ನಲ್ ಹೀರಿಕೊಳ್ಳುವ ಮುಚ್ಚಳ) ಹಾಕಿ. ಅದಕ್ಕೂ ವ್ಯಾಟ್ ಲೆಕ್ಕ ಉಂಟು.

ಶೀಲ್ಡ್ ಬಾಕ್ಸ್ ಒಳಗೆ ನಿಜವಾದ ಫೋನುಗಳನ್ನು ದಿನಗಟ್ಟಲೆ ಚಾರ್ಜ್‌ಗೆ ಹಾಕಿಡುತ್ತೇವೆ ಅಲ್ವಾ, ಅಲ್ಲಿ ಗಾಳಿ ಆಡುವುದಿಲ್ಲ. ಯಾವುದಾದರೂ ಫೋನಿನ ಬೆನ್ನು ಉಬ್ಬಿದ್ದು ಕಂಡರೆ ಟೆಸ್ಟ್ ಅರ್ಧದಲ್ಲಿದ್ದರೂ ಸರಿ, ನಿಲ್ಲಿಸಿ. ಚಾರ್ಜರ್ ಕರೆಂಟ್ ತೆಗೆದು ಆ ಫೋನನ್ನು ಹೊರಗೆ ಇಡಿ. ಒತ್ತಬೇಡಿ, ಚುಚ್ಚಬೇಡಿ.

ಖಾಲಿ ತಕ್ಕಡಿ ಪರೀಕ್ಷೆ

ಮಧ್ಯದಲ್ಲಿ ನೆಟ್‌ವರ್ಕೇ ಇಲ್ಲದೆ ಒಮ್ಮೆ ಓಡಿಸಿ. ಲೋಡ್ ಬಿಡುವ ಯಂತ್ರ, ಅದನ್ನು ತೆಗೆದುಕೊಳ್ಳುವ ಸರ್ವರ್, ಎರಡರ ನಡುವೆ ನೇರ ಕೇಬಲ್. ನೀವು ಹಾಕಬೇಕೆಂದಿರುವ ಲೋಡಿನ ಒಂದೂವರೆ ಪಟ್ಟು ಆದರೂ ಇಲ್ಲಿ ಸಲೀಸಾಗಿ ಹರಿಯಬೇಕು. ಹರಿಯದಿದ್ದರೆ ಮುಂದಿನ ಅಂಕಿಗಳಿಗೆ ಅರ್ಥವೇ ಇಲ್ಲ. ಇದಕ್ಕೆ ಅರ್ಧ ಗಂಟೆ ಸಾಕು. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ, ಆಮೇಲೆ ಪದೇಪದೇ ಬೇಕಾಗುತ್ತದೆ.

ಲಕ್ಷಣ: ವೇಗ ಒಂದು ಅಂಕಿಗೆ ಬಂದು ನಿಲ್ಲುತ್ತದೆ, ಏನು ಮಾಡಿದರೂ ಮೇಲೆ ಹೋಗುವುದಿಲ್ಲ

ಮೊದಲು ಆ ಅಂಕಿಯನ್ನೇ ಓದಿ. ಅದು ತುಂಬಾ ಹೇಳುತ್ತದೆ.

94 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಆಸುಪಾಸು ನಿಂತರೆ ಎಲ್ಲೋ ಒಂದು ಈಥರ್ನೆಟ್ ಪೋರ್ಟ್ 100ಕ್ಕೆ ಇಳಿದಿದೆ. ಹಳೇ ಕೇಬಲ್ ಬದಲಿಸಿ ನೋಡಿ. 940ರ ಆಸುಪಾಸು ಅಥವಾ ಸ್ವಲ್ಪ ಕೆಳಗೆ ನಿಂತರೆ ದಾರಿಯಲ್ಲಿ 1 ಗಿಗಾಬಿಟ್ ಪೋರ್ಟ್ ಇದೆ, ಅದು ತುಂಬಿದೆ. ಯುಡಿಪಿ (ತಲುಪಿತಾ ಅಂತ ಕೇಳದೆ ಡೇಟಾ ಕಳಿಸುವ ವಿಧಾನ) ಟೆಸ್ಟ್ ಸರಿಯಾಗಿ 1 ಎಂಬಿಪಿಎಸ್‌ಗೆ ನಿಂತಿದೆಯಾ? ವೇಗ ಅಳೆಯುವ ಸಾಧನವಾದ ಐಪರ್ಫ್3ಗೆ ನೀವು ವೇಗ ಹೇಳದಿದ್ದರೆ ಯುಡಿಪಿಯಲ್ಲಿ ಅದು ಕಳಿಸುವುದೇ ಅಷ್ಟು. ಹೊಸಬರು ಇದನ್ನು ನೆಟ್‌ವರ್ಕ್ ದೋಷ ಅಂತ ಬರೆದು ಕಳಿಸಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಯಾವುದೋ ದುಂಡನೆಯ ಅಂಕಿಗೆ, ಅಂದರೆ 50 ಅಥವಾ 100 ಎಂಬಿಪಿಎಸ್‌ಗೆ ಪ್ರತಿ ಫೋನೂ ಸಮನಾಗಿ ನಿಂತರೆ ಚಂದಾದಾರರ ದಾಖಲೆಯಲ್ಲಿ ಆ ಮಿತಿ ಹಾಕಿಟ್ಟಿರುತ್ತಾರೆ. ಕೋರ್ (ಬೇಸ್ ಸ್ಟೇಷನ್‌ಗಳ ಹಿಂದೆ ಇರುವ ನೆಟ್‌ವರ್ಕಿನ ಕೇಂದ್ರ ಭಾಗ) ನೋಡಿಕೊಳ್ಳುವವರನ್ನು ಕೇಳಿದರೆ ಎರಡು ನಿಮಿಷದ ಕೆಲಸ.

ಅಂಕಿ ಇವುಗಳಲ್ಲಿ ಯಾವುದೂ ಅಲ್ಲವಾ? ಹಾಗಾದರೆ ಟಿಸಿಪಿ ವಿಂಡೋ, ಅಂದರೆ ತಲುಪಿತು ಎಂಬ ಉತ್ತರ ಬರುವ ಮುಂಚೆ ಕಳಿಸಬಹುದಾದ ಡೇಟಾ, ಎಷ್ಟಿದೆ ನೋಡಿ. ಹೋಗಿ ಬರುವ ಸಮಯ 40 ಮಿಲಿಸೆಕೆಂಡ್, ವಿಂಡೋ 64 ಕಿಲೋಬೈಟ್ ಇದ್ದರೆ ಒಂದು ಸಂಪರ್ಕಕ್ಕೆ ಸುಮಾರು 13 ಎಂಬಿಪಿಎಸ್ ಮಾತ್ರ ಸಿಗುತ್ತದೆ, ರೇಡಿಯೋ ಎಷ್ಟೇ ಚೆನ್ನಾಗಿರಲಿ. ಅದೇ 40 ಮಿಲಿಸೆಕೆಂಡಿನಲ್ಲಿ 1 ಗಿಗಾಬಿಟ್ ತುಂಬಬೇಕಾದರೆ 5 ಮೆಗಾಬೈಟ್ ವಿಂಡೋ ಬೇಕು. ಪರೀಕ್ಷೆ ಸುಲಭ: ಒಂದರ ಬದಲು ಹತ್ತು ಸಂಪರ್ಕ ತೆರೆಯಿರಿ. ಒಟ್ಟು ವೇಗ ಹತ್ತು ಪಟ್ಟಿನ ಹತ್ತಿರ ಏರಿದರೆ ನೆಟ್‌ವರ್ಕಿಗೆ ಏನೂ ಆಗಿಲ್ಲ.

ಏರಲಿಲ್ಲವಾದರೆ ಸಿಪಿಯು ಕಡೆ ಬನ್ನಿ. ಸರಾಸರಿ ನೋಡಬೇಡಿ, ಸಿಪಿಯು ಕೋರ್ ಒಂದೊಂದನ್ನೇ ನೋಡಿ (ಇದು ನೆಟ್‌ವರ್ಕಿನ ಕೋರ್ ಅಲ್ಲ). 32 ಕೋರ್‌ಗಳಲ್ಲಿ ಒಂದು ಮಾತ್ರ ನೂರಕ್ಕೆ ನೂರು ಉರಿಯುತ್ತಿದ್ದು ಉಳಿದವು ಸುಮ್ನೆ ಕೂತಿದ್ದರೂ ಸರಾಸರಿ ಮೂರು ಪರ್ಸೆಂಟ್ ತೋರಿಸುತ್ತದೆ. ಇದಕ್ಕೆ ಎರಡು ಕಾರಣ ಪದೇಪದೇ ಸಿಗುತ್ತವೆ. ಒಂದು, ಐಪರ್ಫ್3 ತನ್ನ 3.16ನೇ ಆವೃತ್ತಿಗೆ ಮುಂಚೆ ಎಷ್ಟೇ ಸಂಪರ್ಕ ತೆರೆದರೂ ಒಂದೇ ಥ್ರೆಡ್‌ನಲ್ಲಿ, ಅಂದರೆ ಒಂದೇ ಸಿಪಿಯು ಕೋರ್ ಮೇಲೆ, ಓಡುತ್ತಿತ್ತು. ಆವೃತ್ತಿ ನೋಡಿ, ಹಳೆಯದಾದರೆ ಬದಲಿಸಿ ಅಥವಾ ಬೇರೆ ಬೇರೆ ಪೋರ್ಟ್‌ಗಳಲ್ಲಿ ಹಲವು ಪ್ರತಿ ಓಡಿಸಿ.

ಎರಡನೆಯದು ಸ್ವಲ್ಪ ಅಡಗಿಕೊಂಡಿರುತ್ತದೆ, ಆದರೆ ಮೊಬೈಲ್ ನೆಟ್‌ವರ್ಕಿಗೇ ವಿಶೇಷ. ಬೇಸ್ ಸ್ಟೇಷನ್‌ನಿಂದ ನೆಟ್‌ವರ್ಕಿನ ಕೋರ್‌ಗೆ ಹೋಗುವ ಬಳಕೆದಾರರ ಡೇಟಾ ಎಲ್ಲವೂ ಜಿಟಿಪಿ ಹೊದಿಕೆಯೊಳಗೆ ಯುಡಿಪಿ 2152 ಪೋರ್ಟಿಗೇ ಹೋಗುತ್ತದೆ. ಒಳಗೆ ಹತ್ತು ಸಾವಿರ ಫೋನುಗಳ ಡೇಟಾ ಇರಬಹುದು, ಹೊರಗಿನಿಂದ ನೋಡುವ ನೆಟ್‌ವರ್ಕ್ ಕಾರ್ಡಿಗೆ ಅದು ಎರಡು ವಿಳಾಸಗಳ ನಡುವಿನ ಒಂದೇ ಹರಿವಿನ ಹಾಗೆ ಕಾಣುತ್ತದೆ. ಕಾರ್ಡ್ ವಿಳಾಸ ಮತ್ತು ಪೋರ್ಟ್ ನೋಡಿ ಕೆಲಸ ಹಂಚುವುದರಿಂದ ಎಲ್ಲವನ್ನೂ ಒಂದೇ ಸಿಪಿಯು ಕೋರ್‌ಗೆ ತಳ್ಳುತ್ತದೆ. ಪರೀಕ್ಷೆ ಹೀಗೆ: ಅಷ್ಟೇ ಲೋಡನ್ನು ನಾಲ್ಕು ನಕಲಿ ಬೇಸ್ ಸ್ಟೇಷನ್‌ಗಳ ನಾಲ್ಕು ಐಪಿ ವಿಳಾಸಗಳಿಂದ ಕಳಿಸಿ. ವೇಗ ಏರಿದರೆ ಕಾರಣ ಇದೇ. ಕಾರ್ಡ್ ಜಿಟಿಪಿ ಒಳಗಿನ ಟನಲ್ ಗುರುತು ನೋಡಿ ಹಂಚುವಂಥದ್ದಾದರೆ ಆ ಸೌಲಭ್ಯ ಆನ್ ಮಾಡಿ. ನಿಜವಾದ ನೆಟ್‌ವರ್ಕಿನಲ್ಲಿ ನೂರಾರು ಬೇಸ್ ಸ್ಟೇಷನ್ ಇರುವುದರಿಂದ ಅಲ್ಲಿ ಈ ತೊಂದರೆ ಅಷ್ಟಾಗಿ ಕಾಣದೇ ಹೋಗಬಹುದು. ಹಾಗಾಗಿ ಇದನ್ನು ನೆಟ್‌ವರ್ಕ್ ಕೋರ್‌ನ ಸಾಮರ್ಥ್ಯ ಅಂತ ವರದಿಯಲ್ಲಿ ಬರೆದರೆ ಅದು ತಪ್ಪು ವರದಿ.

ಲಕ್ಷಣ: ಎಂಬಿಪಿಎಸ್ ಕಡಿಮೆಯೇ ಇದೆ, ಆದರೂ ಪ್ಯಾಕೆಟ್ ಬೀಳುತ್ತಿವೆ

ಪ್ಯಾಕೆಟ್‌ಗಳನ್ನು ಎಣಿಸಿ. 10 ಗಿಗಾಬಿಟ್ ಪೋರ್ಟಿನಲ್ಲಿ 1518 ಬೈಟಿನ ದೊಡ್ಡ ಫ್ರೇಮ್‌ಗಳಾದರೆ ಸೆಕೆಂಡಿಗೆ ಸುಮಾರು 8.12 ಲಕ್ಷ. 64 ಬೈಟಿನವಾದರೆ 1 ಕೋಟಿ 48 ಲಕ್ಷ. ಯಂತ್ರ ಸುಸ್ತಾಗುವುದು ಬೈಟ್‌ಗಿಂತ ಪ್ಯಾಕೆಟ್ ಸಂಖ್ಯೆಯಿಂದ. ಧ್ವನಿ ಕರೆಯಲ್ಲಿ 20 ಮಿಲಿಸೆಕೆಂಡಿಗೊಂದು ಸಣ್ಣ ಪ್ಯಾಕೆಟ್, ಅಂದರೆ ಮಾತಾಡುವಾಗ ಸೆಕೆಂಡಿಗೆ 50. ಹತ್ತು ಸಾವಿರ ಕರೆಗಳಿಗೆ ಒಂದು ದಿಕ್ಕಿನಲ್ಲೇ 5 ಲಕ್ಷ ಪ್ಯಾಕೆಟ್. ಪ್ಯಾಕೆಟ್ ಗಾತ್ರ ದೊಡ್ಡದು ಮಾಡಿ ಅದೇ ಎಂಬಿಪಿಎಸ್ ಕಳಿಸಿ ನೋಡಿ. ಬೀಳುವುದು ನಿಂತರೆ ನೀವು ಪ್ಯಾಕೆಟ್ ಮಿತಿ ಮುಟ್ಟಿದ್ದೀರಿ. ಯಾರ ಮಿತಿ ಅನ್ನುವುದಕ್ಕೆ ಖಾಲಿ ತಕ್ಕಡಿಯಲ್ಲಿ ಅದೇ ಸಣ್ಣ ಪ್ಯಾಕೆಟ್ ಓಡಿಸಿ ತಿಳಿಯಿರಿ.

ಲಕ್ಷಣ: ಇಷ್ಟು ಫೋನುಗಳವರೆಗೆ ಸೇರುತ್ತವೆ, ಆಮೇಲೆ ಒಂದೂ ಸೇರುವುದಿಲ್ಲ

ಇಲ್ಲೂ ಅಂಕಿಯೇ ಮೊದಲ ಸಾಕ್ಷಿ. 250ರಿಂದ 254ರ ನಡುವೆ ನಿಂತರೆ ಐಪಿ ವಿಳಾಸಗಳ ಗುಂಪು ಮುಗಿದಿದೆ. ಚಿಕ್ಕ ಸಬ್‌ನೆಟ್ ಹಾಕಿಟ್ಟು ಮರೆತಿರುತ್ತಾರೆ. ಸಾವಿರದ ಹತ್ತಿರ ನಿಂತರೆ ಲಿನಕ್ಸ್‌ನಲ್ಲಿ ಎರಡು ಕಡೆ 1024ರ ಮಿತಿ ಇರುತ್ತದೆ: ಒಂದು ಪ್ರೋಗ್ರಾಮ್ ತೆರೆಯಬಹುದಾದ ಫೈಲ್‌ಗಳದ್ದು, ಇನ್ನೊಂದು ಅಕ್ಕಪಕ್ಕದ ವಿಳಾಸಗಳನ್ನು ನೆನಪಿಡುವ ಪಟ್ಟಿಯದ್ದು. ಎರಡನ್ನೂ ಏರಿಸಬಹುದು. 100, 500, 1000 ಎಂದು ಕರಾರುವಾಕ್ಕಾಗಿ ನಿಂತರೆ ಸಿಮ್ಯುಲೇಟರ್ (ನಕಲಿ ಫೋನುಗಳನ್ನು ಓಡಿಸುವ ಸಾಫ್ಟ್‌ವೇರ್) ಅಥವಾ ಬೇಸ್ ಸ್ಟೇಷನ್‌ನ ಲೈಸೆನ್ಸ್ ನೋಡಿ. ಇವೆಲ್ಲ ಸುಮ್ನೆ ನೋಡಿದರೆ ಸಿಗುವಂಥವು. ಆದರೆ ಲಾಗ್‌ನಲ್ಲಿ ಮುಳುಗಿದವರಿಗೆ ಕೊನೆಗೆ ಹೊಳೆಯುತ್ತವೆ.

ಪ್ರತಿ ಸಲ ಬೇರೆ ಬೇರೆ ಅಂಕಿಗೆ ನಿಂತರೆ ಸಂಖ್ಯೆಯದ್ದಲ್ಲ, ಅವಸರದ್ದು ಸಮಸ್ಯೆ. ಸೆಕೆಂಡಿಗೆ ಎಷ್ಟು ಫೋನು ಸೇರಿಸುತ್ತಿದ್ದೀರಿ? ಅದನ್ನು ಹತ್ತನೇ ಒಂದಕ್ಕೆ ಇಳಿಸಿ ನೋಡಿ. ನಿಧಾನಕ್ಕೆ ಎಲ್ಲವೂ ಸೇರಿದರೆ ನೆಟ್‌ವರ್ಕ್ ಅಷ್ಟು ಜನರನ್ನು ಹಿಡಿಯುತ್ತದೆ, ಅಷ್ಟು ವೇಗದ ನೂಕುನುಗ್ಗಲನ್ನು ಹಿಡಿಯುವುದಿಲ್ಲ ಎಂದರ್ಥ. ನಿಜವಾದ ರೇಡಿಯೋ ಇದ್ದರೆ ಬಾಗಿಲೇ ಕಿರಿದು. ಎಲ್‌ಟಿಇ ಸೆಲ್ ಒಂದರಲ್ಲಿ ಮೊದಲ ಸಲ ಕದ ತಟ್ಟಲು 64 ಗುರುತುಗಳಿವೆ, ಅದರಲ್ಲೂ ಕೆಲವು ಬೇರೆ ಕೆಲಸಕ್ಕೆ ಮೀಸಲು. ಎರಡು ಫೋನು ಒಂದೇ ಕ್ಷಣಕ್ಕೆ ಒಂದೇ ಗುರುತು ಆರಿಸಿದರೆ ಡಿಕ್ಕಿ.

ಆಮೇಲೆ ನೋಡಬೇಕಾದ್ದು ನಿರಾಕರಣೆಯ ಕಾರಣ ಸಂಖ್ಯೆ. 4ಜಿ, 5ಜಿ ಎರಡರಲ್ಲೂ 22 ಅಂದರೆ ದಟ್ಟಣೆ, ಕೋರ್ ಬೇಕಂತಲೇ ತಡೆಯುತ್ತಿದೆ. ಇದು ದೋಷ ಅಲ್ಲ, ರಕ್ಷಣೆ. ಫೋನಿನ ಕಡೆಯಿಂದ 20 ಬಂದರೆ ಕೀಲಿ ಹೊಂದುತ್ತಿಲ್ಲ. ಸಿಮ್ಯುಲೇಟರಿನ ಸಿಮ್ ಪಟ್ಟಿಯನ್ನೂ ಕೋರ್‌ನ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. 21 ಬಂದರೆ ಕ್ರಮಸಂಖ್ಯೆ ಹೊಂದುತ್ತಿಲ್ಲ. ಒಂದು ಕಡೆ ಮಾತ್ರ ರೀಸ್ಟಾರ್ಟ್ ಮಾಡಿ ಅದರ ಎಣಿಕೆ ಹಿಂದಕ್ಕೆ ಹೋದಾಗ ಹೀಗಾಗುತ್ತದೆ. ಪ್ರತಿ ಫೋನೂ ಒಂದು ಸುತ್ತು ಜಾಸ್ತಿ ತಿರುಗಿ ಸರಿಹೋಗುತ್ತದೆ, ಆದರೆ ಆ ಸುತ್ತು ನಿಮ್ಮ ಲೋಡನ್ನೇ ಹೆಚ್ಚಿಸುತ್ತದೆ. ಇನ್ನು, ಸೇರಿದ ಫೋನುಗಳು ಒಂದೊಂದಾಗಿ ಬೀಳುತ್ತಾ ಹೊಸವು ಸೇರುತ್ತಾ ಒಟ್ಟು ಸಂಖ್ಯೆ ಅಲ್ಲೇ ತೂಗಾಡುತ್ತಿದ್ದರೆ ಒಂದೇ ಸಿಮ್ ಗುರುತನ್ನು ಎರಡು ಕಡೆ ಹಂಚಿಬಿಟ್ಟಿದ್ದೀರಾ ನೋಡಿ. ಒಂದು ಇನ್ನೊಂದನ್ನು ತಳ್ಳುತ್ತಿರುತ್ತದೆ.

ಉತ್ತರವೇ ಬರದಿದ್ದರೆ ಗಡಿಯಾರ ನೋಡಿ. ಫೋನ್ ಉತ್ತರಕ್ಕೆ 15 ಸೆಕೆಂಡ್ ಕಾಯುತ್ತದೆ, 10 ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಐದು ಸಲ ಸೋತರೆ ಬೇರೆ ಟೈಮರ್ ಶುರು, ಅದರ ಮೂಲ ಬೆಲೆ 12 ನಿಮಿಷ. ಆದ್ದರಿಂದ ಎಲ್ಲಾ ಸತ್ತಂತೆ ಕಂಡು 12 ನಿಮಿಷಕ್ಕೆ ಮತ್ತೆ ಒಟ್ಟಿಗೆ ಎದ್ದರೆ ಗಾಬರಿ ಬೇಡ. ಮೊದಲ ಸೋಲು ಎಲ್ಲಾಯಿತು ಅನ್ನುವುದನ್ನು ಹುಡುಕಿ.

ಈ ಒಟ್ಟಿಗೆ ಏಳುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರ ಜುಲೈ 2ರಂದು ಜಪಾನಿನ ಕೆಡಿಡಿಐ ನೆಟ್‌ವರ್ಕಿನಲ್ಲಿ ರೂಟರ್ ಕೆಲಸದ ವೇಳೆ ಆದ ಸಣ್ಣ ಅಡಚಣೆಯ ಬೆನ್ನಿಗೇ ಫೋನುಗಳೆಲ್ಲ ಒಟ್ಟಿಗೆ ಮರುನೋಂದಣಿಗೆ ನುಗ್ಗಿದವು. ಧ್ವನಿ ಕರೆ ನಡೆಸುವ ವ್ಯವಸ್ಥೆ ಕುಸಿಯಿತು. ಸರಿಹೋಗಲು 60 ಗಂಟೆಗೂ ಹೆಚ್ಚು ಬೇಕಾಯಿತು. ಎಷ್ಟು ಡೇಟಾ ಹರಿಯುತ್ತದೆ ಅಂತ ಮಾತ್ರ ನೋಡುವ ಲೋಡ್ ಟೆಸ್ಟ್ ಇಂಥದ್ದನ್ನು ಎಂದೂ ಹಿಡಿಯುವುದಿಲ್ಲ. ಹತ್ತು ನಿಮಿಷ ಲಿಂಕ್ ಕಿತ್ತು ಮತ್ತೆ ಹಾಕುವ ಒಂದು ಪರೀಕ್ಷೆಯನ್ನು ದಯವಿಟ್ಟು ಸೇರಿಸಿಕೊಳ್ಳಿ.

ಲಕ್ಷಣ: ಪಿಂಗ್ ಹೋಗುತ್ತದೆ, ಸಂಪರ್ಕ ಆಗುತ್ತದೆ, ಆದರೆ ದೊಡ್ಡ ಡೇಟಾ ನಿಂತುಬಿಡುತ್ತದೆ

ಮುಕ್ಕಾಲು ಪಾಲು ಇದು ಎಂಟಿಯು, ಅಂದರೆ ಲಿಂಕ್ ಒಮ್ಮೆಗೆ ಸಾಗಿಸುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರದ್ದು. ಜಿಟಿಪಿ ಹೊದಿಕೆ 36 ಬೈಟ್ ತಿನ್ನುತ್ತದೆ, 5ಜಿಯಲ್ಲಿ ಹೆಚ್ಚುವರಿ ತಲೆಪಟ್ಟಿ ಸೇರಿ 44. ಲಿಂಕ್ 1500 ಇದ್ದರೆ ಒಳಗಿನ ಪ್ಯಾಕೆಟ್‌ಗೆ ಉಳಿಯುವುದು 1456. ಒಡೆಯಬಾರದು ಎಂಬ ಗುರುತು ಹಾಕಿ 1428 ಬೈಟಿನ ಪಿಂಗ್ ಕಳಿಸಿ (ಉಳಿದ 28 ಬೈಟ್ ಪಿಂಗ್‌ನದೇ ತಲೆಪಟ್ಟಿಗೆ), ಆಮೇಲೆ 1429. ಮೊದಲನೆಯದು ಹೋಗಿ ಎರಡನೆಯದು ಬಿದ್ದರೆ ಲೆಕ್ಕ ಸರಿ ಇದೆ, ಫೋನಿನ ಕಡೆ ಎಂಟಿಯು 1400ಕ್ಕೆ ಇಳಿಸಿದರೆ ಮುಗಿಯಿತು. ಮಧ್ಯೆ ಐಪಿಸೆಕ್ (ಡೇಟಾವನ್ನು ಗೂಢಲಿಪಿ ಮಾಡುವ ಇನ್ನೊಂದು ಹೊದಿಕೆ) ಇದ್ದರೆ ಇನ್ನೂ ಇಳಿಸಬೇಕು.

ಲಕ್ಷಣ: ವೇಗ ಚೆನ್ನಾಗಿದೆ, ಆದರೆ ಲೋಡ್ ಏರಿದ ಹಾಗೆ ವಿಳಂಬ ಏರುತ್ತಾ ಹೋಗುತ್ತದೆ

ಒಂದು ದಿಕ್ಕಿನ ವಿಳಂಬ ಅಳೆಯುತ್ತಿದ್ದರೆ ಎರಡೂ ಯಂತ್ರಗಳ ಗಡಿಯಾರ ನೋಡಿ. ಅಂಕಿ ಎಲ್ಲಾದರೂ ಮೈನಸ್ ಬಂದಿದ್ದರೆ ತಪ್ಪಿರುವುದು ಗಡಿಯಾರ. ಗಡಿಯಾರಗಳನ್ನು ಹೊಂದಿಸುವ ಪಿಟಿಪಿ ಹಾಕಿ, ಇಲ್ಲವೇ ಹೋಗಿ ಬರುವ ಸಮಯವನ್ನೇ ಅಳೆಯಿರಿ.

ಗಡಿಯಾರ ಸರಿ ಇದ್ದೂ ವಿಳಂಬ 30 ಮಿಲಿಸೆಕೆಂಡಿನಿಂದ ಸಾವಿರ ದಾಟಿ, ಒಂದೂ ಪ್ಯಾಕೆಟ್ ಬೀಳದಿದ್ದರೆ ಎಲ್ಲೋ ಒಂದು ದೊಡ್ಡ ಬಫರ್ (ಪ್ಯಾಕೆಟ್‌ಗಳು ಸರದಿ ಕಾಯುವ ಜಾಗ) ತುಂಬುತ್ತಿದೆ. ಲೋಡನ್ನು ಗರಿಷ್ಠದ 90 ಪರ್ಸೆಂಟಿಗೆ ಇಳಿಸಿ. ವಿಳಂಬ ತಟ್ಟನೆ ಇಳಿದರೆ ಅದೇ. ಬಳಸುವವರಿಗೆ ಇದು ಪ್ಯಾಕೆಟ್ ಬೀಳುವುದಕ್ಕಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಕೌಂಟರ್‌ಗಳೆಲ್ಲ ಹಸಿರಾಗಿರುತ್ತವೆ, ವಿಡಿಯೋ ಕರೆ ಮಾತ್ರ ನಡೆಯುವುದಿಲ್ಲ.

ಲಕ್ಷಣ: ಚೆನ್ನಾಗಿ ಓಡುತ್ತಿತ್ತು, ಸ್ವಲ್ಪ ಹೊತ್ತಿನ ಮೇಲೆ ಕುಸಿಯಿತು

ಎಷ್ಟು ಹೊತ್ತಿಗೆ ಕುಸಿಯಿತು ಅಂತ ಬರೆದುಕೊಂಡು ಮತ್ತೆ ಓಡಿಸಿ. ಅಷ್ಟೇ ಹೊತ್ತಿಗೆ ಮತ್ತೆ ಆದರೆ ಅರ್ಧ ಕೆಲಸ ಆಯಿತು.

ಒಂದು ನಿಮಿಷದ ಒಳಗೆ ಹೊಸ ಸಂಪರ್ಕಗಳು ಸೋಲತೊಡಗಿದರೆ ಪೋರ್ಟ್ ಮುಗಿದಿದೆ. ಲಿನಕ್ಸ್ ತಾನಾಗಿ ಕೊಡುವ ಪೋರ್ಟ್‌ಗಳು 32768ರಿಂದ 60999, ಅಂದರೆ 28,232. ಸಂಪರ್ಕ ಮೊದಲು ಮುಚ್ಚಿದ ಕಡೆ ಆ ಪೋರ್ಟ್ 60 ಸೆಕೆಂಡ್ ಬಿಡುಗಡೆ ಆಗುವುದಿಲ್ಲ. ಹಾಗಾಗಿ ಒಂದು ಐಪಿಯಿಂದ ಒಂದೇ ಸರ್ವರ್ ಪೋರ್ಟಿಗೆ ಸೆಕೆಂಡಿಗೆ 470 ಹೊಸ ಸಂಪರ್ಕ ದಾಟಿದರೆ ಗೋಡೆಗೆ ಬಡಿಯುತ್ತೀರಿ. ಐಪಿ ಜಾಸ್ತಿ ಮಾಡಿ. ಸಿಸ್ಟಂ ಲಾಗ್‌ನಲ್ಲಿ ಕನೆಕ್ಷನ್ ಟ್ರ್ಯಾಕಿಂಗ್ ಪಟ್ಟಿ ತುಂಬಿತು, ಪ್ಯಾಕೆಟ್ ಬಿಡುತ್ತಿದ್ದೇನೆ ಎಂಬ ಸಾಲಿದ್ದರೆ ಅದನ್ನೂ ಹಿಗ್ಗಿಸಿ.

ಕಾಲು ಗಂಟೆ, ಅರ್ಧ ಗಂಟೆಗೆ ನಿಧಾನವಾಗಿ ಇಳಿದರೆ ಕೈಯಿಂದ ಮುಟ್ಟಿ ನೋಡಿ. ಶೀಲ್ಡ್ ಬಾಕ್ಸಿನ ಫೋನುಗಳು ಬಿಸಿಯಾಗಿ ತಾವೇ ವೇಗ ಇಳಿಸಿಕೊಳ್ಳುತ್ತವೆ. ಡಿಸ್ಕ್ ಕೂಡ ನೋಡಿ. ಡೀಬಗ್ ಲಾಗ್ ಆನ್ ಮಾಡಿಟ್ಟು ಮರೆತರೆ ಲೋಡಿನಲ್ಲಿ ಅದು ಬೇಗ ತುಂಬುತ್ತದೆ.

54 ನಿಮಿಷಕ್ಕೆ ಒಂದು ದೊಡ್ಡ ಏರು ಬಂದರೆ ಅದರ ಮೂಲ ನಿಮ್ಮ ಟೆಸ್ಟಿನ ಆರಂಭದಲ್ಲೇ ಇದೆ. ಸುಮ್ಮನಿರುವ ಫೋನ್ ತಾನಿದ್ದೇನೆ ಅಂತ ಆಗಾಗ ಹೇಳುವ ಟೈಮರಿನ ಮೂಲ ಬೆಲೆ 54 ನಿಮಿಷ. ಎಲ್ಲವನ್ನೂ ಒಂದೇ ನಿಮಿಷದಲ್ಲಿ ಸೇರಿಸಿ ಸುಮ್ಮನಾಗಿಸಿದ್ದರಿಂದ ಎಲ್ಲವೂ ಒಂದೇ ನಿಮಿಷದಲ್ಲಿ ಮಾತಾಡುತ್ತವೆ. ಸೇರಿಸುವುದನ್ನು ಹರಡಿ.

ಲಕ್ಷಣ: ಲ್ಯಾಬ್‌ನಲ್ಲಿ ಪಾಸ್, ಹೊರಗೆ ಫೇಲ್

ಮೊದಲು ಕೇಳಿಕೊಳ್ಳಿ: ನಿಮ್ಮ ಟೆಸ್ಟಿನಲ್ಲಿ ರೇಡಿಯೋ ಇತ್ತಾ? ಯುಇರಾನ್‌ಸಿಮ್ ತರಹದ ಸಾಧನ ರೇಡಿಯೋ ಭಾಗವನ್ನು ಯುಡಿಪಿ ಮೇಲೆ ಹಾಯಿಸುತ್ತದೆ. ಅದು ಕೋರ್ ಪರೀಕ್ಷೆಗೆ ಒಳ್ಳೆಯದು, ಸೆಲ್ಲಿನ ಸಾಮರ್ಥ್ಯದ ಬಗ್ಗೆ ಒಂದು ಮಾತೂ ಹೇಳುವುದಿಲ್ಲ.

ರೇಡಿಯೋ ಇತ್ತು ಅಂದರೆ, ಎಲ್ಲಾ ಫೋನಿಗೂ ಅತ್ಯುತ್ತಮ ಸಿಗ್ನಲ್ ಕೊಟ್ಟಿದ್ದಿರಾ? ನಿಜದಲ್ಲಿ ಅರ್ಧ ಜನ ಗೋಡೆಯ ಆಚೆ ಇರುತ್ತಾರೆ. ದೂರದ ಫೋನಿಗೆ ಅದೇ ಒಂದು ಮೆಗಾಬೈಟ್ ಮುಟ್ಟಿಸಲು ಹತ್ತಿರದ್ದಕ್ಕಿಂತ ಎಷ್ಟೋ ಪಟ್ಟು ರೇಡಿಯೋ ಜಾಗ ಬೇಕು. ಕೆಲವು ಫೋನುಗಳ ಅಟೆನ್ಯುಯೇಷನ್ ಏರಿಸಿ ಮತ್ತೆ ಓಡಿಸಿ, ಒಟ್ಟು ವೇಗ ಹೇಗೆ ಬೀಳುತ್ತದೆ ನೋಡಿ. ಎಲ್ಲಾ ಫೋನೂ ಬಿಡದೆ ಡೌನ್‌ಲೋಡ್ ಮಾಡುವುದೂ ನಿಜವಲ್ಲ. ಜನ ಒಂದು ಮೆಸೇಜ್ ಕಳಿಸಿ ಫೋನು ಜೇಬಿಗಿಡುತ್ತಾರೆ. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ನೆಟ್‌ವರ್ಕ್ ಸಂಪರ್ಕ ಬಿಡಿಸುತ್ತದೆ, ಮತ್ತೊಂದು ಮೆಸೇಜಿಗೆ ಮತ್ತೆ ಕಟ್ಟುತ್ತದೆ. ಡೇಟಾ ಚಿಟಿಕೆಯಷ್ಟು, ಸಿಗ್ನಲಿಂಗ್ ರಾಶಿ. ಇಂಥ ಹೊತ್ತಿನಲ್ಲಿ ಡೇಟಾ ಚಾನೆಲ್ ಖಾಲಿ ಇದ್ದು ನಿಯಂತ್ರಣ ಚಾನೆಲ್ ತುಂಬಿರುತ್ತದೆ. ಎರಡರ ಕೌಂಟರನ್ನೂ ಬೇರೆ ಬೇರೆಯಾಗಿ ತೆಗೆಯಿರಿ.

ಕೆಲವೇ ಫೋನಿದ್ದಾಗಲೂ ವೇಗ ಬರದಿದ್ದರೆ ಬ್ಲಾಕ್ ತಪ್ಪುಗಳನ್ನು (ರೇಡಿಯೋದಲ್ಲಿ ಕೆಟ್ಟು ತಲುಪಿದ ಡೇಟಾ ತುಂಡುಗಳ ಪಾಲು) ನೋಡಿ. 10 ಪರ್ಸೆಂಟ್ ಆಸುಪಾಸು ಸಹಜ, ಬೇಸ್ ಸ್ಟೇಷನ್ ಸಾಮಾನ್ಯವಾಗಿ ಅದನ್ನೇ ಗುರಿ ಇಟ್ಟು ವೇಗ ಆರಿಸುತ್ತದೆ. 30 ದಾಟಿದರೆ, ಸಿಗ್ನಲ್ ಬಲವಾಗಿಯೇ ಇದ್ದರೆ, ಆ ಸಿಗ್ನಲ್ಲೇ ಅತಿಯಾಗಿರಬಹುದು. ಇನ್ನೊಂದು 20 ಡಿಬಿ ಅಟೆನ್ಯುಯೇಟರ್ ಸೇರಿಸಿ ನೋಡಿ. ಸಿಗ್ನಲ್ ಇಳಿಸಿದರೆ ವೇಗ ಏರುವುದನ್ನು ಮೊದಲ ಸಲ ನೋಡಿದವರು ನಂಬುವುದಿಲ್ಲ.

ಯಾವಾಗ ನಿಲ್ಲಿಸಿ ಇತರರನ್ನು ಕರೆಯಬೇಕು

ಲ್ಯಾಬಿನ ಹೊರಗೆ ನಿಮ್ಮ ಸೆಲ್ ಯಾರ ಫೋನಿಗಾದರೂ ಕಾಣಿಸಿದರೆ ಆ ಕ್ಷಣವೇ ರೇಡಿಯೋ ಆಫ್ ಮಾಡಿ. ಕನೆಕ್ಟರ್ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಪವರ್ ತೆಗೆದು ರೇಡಿಯೋ ತಿಳಿದವರನ್ನು ಕರೆಯಿರಿ. ಟೆಸ್ಟ್ ಕೋರ್ ಬೇರೆ ಕಡೆಯವರ ಜೊತೆ ಹಂಚಿಕೊಂಡದ್ದಾಗಿದ್ದು ಅವರ ಸೇವೆ ಕುಂಟಿದರೂ ಅಷ್ಟೇ, ಮೊದಲು ಲೋಡ್ ನಿಲ್ಲಿಸಿ, ಆಮೇಲೆ ಮಾತು.

ಮೇಲಿನದ್ದೆಲ್ಲ ನೋಡಿಯೂ ಕೋರ್ ಅಥವಾ ಬೇಸ್ ಸ್ಟೇಷನ್‌ನ ಪ್ರೋಗ್ರಾಮೇ ಬಿದ್ದುಹೋಗುತ್ತಿದ್ದರೆ ಅದನ್ನು ಮಾಡಿದವರೇ ನೋಡಬೇಕು. ಅವರಿಗೆ ಸುಮ್ನೆ ಲೋಡಿನಲ್ಲಿ ಬೀಳುತ್ತದೆ ಅಂತ ಬರೆದರೆ ಉಪಯೋಗವಿಲ್ಲ. ಲೋಡನ್ನು ಅರ್ಧರ್ಧ ಇಳಿಸುತ್ತಾ ಹೋಗಿ, ದೋಷ ಇನ್ನೂ ಬರುವ ಅತಿ ಚಿಕ್ಕ ಲೋಡ್ ಯಾವುದು ಅಂತ ಹಿಡಿಯಿರಿ. ಹತ್ತು ಸಾವಿರ ಫೋನಿನ ದೋಷ ಎಷ್ಟೋ ಸಲ ಇನ್ನೂರರಲ್ಲೂ ಬರುತ್ತದೆ. ಆ ಚಿಕ್ಕ ಓಟದಲ್ಲಿ ಯಂತ್ರದ ಒಳಹೋಗುವ ಮತ್ತು ಹೊರಬರುವ ಎರಡೂ ಕಡೆ ಪ್ಯಾಕೆಟ್ ಹಿಡಿದು, ಗಡಿಯಾರ ಹೊಂದಿಸಿದ ಲಾಗ್, ಸಾಫ್ಟ್‌ವೇರ್ ಆವೃತ್ತಿ, ಸೆಟ್ಟಿಂಗ್ ಫೈಲ್, ಜೊತೆಗೆ ನೀವು ಮೊದಲೇ ಬರೆದಿಟ್ಟ ಖಾಲಿ ತಕ್ಕಡಿಯ ಅಂಕಿ, ಇಷ್ಟನ್ನೂ ಸೇರಿಸಿ ಕಳಿಸಿ.